ಕರೆದರೆ ಬರಲ್ಲ, ಆದರೆ ಕಿವಿ ತಿರುಗುತ್ತದೆ: ಬೆಕ್ಕಿನ ಮನಸ್ಸು ತಿಳಿಯುವುದು ಹೇಗೆ

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಬೆಕ್ಕು ಎಚ್ಚರವಾಗಿದ್ದು ಸುಮ್ನೆ ಕೂತಿರುವ ಹೊತ್ತು ನೋಡಿಕೊಳ್ಳಿ. ಅದರ ಬೆನ್ನ ಹಿಂದೆ ಸ್ವಲ್ಪ ದೂರದಲ್ಲಿ ಕೂತು, ಅದರ ಹೆಸರಿನಷ್ಟೇ ಉದ್ದದ ನಾಲ್ಕು ಬೇರೆ ಪದಗಳನ್ನು ಒಂದೇ ದನಿಯಲ್ಲಿ ಹೇಳಿ. ಒಂದೊಂದು ಪದದ ನಡುವೆ 15 ಸೆಕೆಂಡು ಬಿಡಿ. ಐದನೆಯದಾಗಿ ಅದರ ಹೆಸರು ಹೇಳಿ. ಮುದ್ದಿನ ರಾಗ ಬೇಡ, ಮೊದಲ ನಾಲ್ಕನ್ನು ಹೇಗೆ ಹೇಳಿದಿರೋ ಹಾಗೇ ಹೇಳಿ.

ನಮ್ಮ ಚುಕ್ಕಿಗೆ ನಾನು "ಚಾಪೆ, ಬೀಗ, ಕುರ್ಚಿ, ಹಗ್ಗ" ಅಂತ ಹೇಳಿದೆ. "ಚಾಪೆ" ಅಂದಾಗ ಎಡಗಿವಿ ಒಂಚೂರು ಹಿಂದಕ್ಕೆ ಬಂತು. "ಬೀಗ" ಅಂದಾಗ ಅದಕ್ಕಿಂತ ಕಡಿಮೆ. "ಹಗ್ಗ"ದ ಹೊತ್ತಿಗೆ ಅವಳಿಗೆ ನನ್ನ ಮಾತು ಬೇಸರವಾಗಿ, ಮೈಯ ಒಂದು ಕೂದಲೂ ಅಲ್ಲಾಡಲಿಲ್ಲ. ಆಮೇಲೆ "ಚುಕ್ಕಿ" ಅಂದೆ. ಎರಡೂ ಕಿವಿ ಸರಕ್ಕನೆ ಹಿಂದೆ ತಿರುಗಿದವು, ಬಾಲದ ತುದಿ ಒಂದು ಸಲ ಎದ್ದು ಬಿತ್ತು. ತಲೆ ತಿರುಗಲಿಲ್ಲ. ಎದ್ದು ಬರಲೂ ಇಲ್ಲ.

ಜಪಾನಿನ ಅತ್ಸುಕೊ ಸೈಟೊ ಮತ್ತು ಅವರ ತಂಡ 2019ರಲ್ಲಿ ತೋರಿಸಿದ್ದು ಇದನ್ನೇ. ಮನೆಯಲ್ಲಿ ಸಾಕಿದ ಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಪದಗಳಿಂದ ಬೇರೆ ಮಾಡಿ ಗುರುತಿಸುತ್ತವೆ, ಅಪರಿಚಿತರು ಹೇಳಿದರೂ ಗುರುತಿಸುತ್ತವೆ. ಆದರೆ ಆ ಗುರುತು ಕಾಣುವುದು ಹೆಚ್ಚಾಗಿ ಕಿವಿಯಲ್ಲಿ, ತಲೆಯ ಸಣ್ಣ ಚಲನೆಯಲ್ಲಿ. ಬೆಕ್ಕಿಗೆ ಬುದ್ಧಿ ಇಲ್ಲ, ಪ್ರೀತಿ ಇಲ್ಲ, ಅದು ಬರೀ ಊಟಕ್ಕೆ ಅಂಟಿಕೊಂಡಿರುತ್ತದೆ ಅನ್ನುವವರಲ್ಲಿ ಜಾಸ್ತಿ ಜನ ಕಾಯುವುದು ಅದು ಓಡಿ ಬರುವುದಕ್ಕೆ. ಉತ್ತರ ಕಿವಿಯಲ್ಲಿ ಬಂದು ಹೋಗಿರುತ್ತದೆ, ನೋಡಿರುವುದಿಲ್ಲ ಅಷ್ಟೇ.

ಇದಕ್ಕೆ ಕಾರಣ ಇದೆ. ನಾಯಿಯನ್ನು ಮನುಷ್ಯ ಸಾವಿರಾರು ವರ್ಷ ಕೆಲಸಕ್ಕೆ ಬೇಕಾದ ಹಾಗೆ ಆರಿಸಿ ಬೆಳೆಸಿದ. ಬೆಕ್ಕು ಸುಮಾರು 10,000 ವರ್ಷಗಳ ಹಿಂದೆ ಕಾಳಿನ ಕಣಜಕ್ಕೆ ಬಂದ ಇಲಿ ಹಿಂದೆ ತಾನಾಗಿಯೇ ಬಂದದ್ದು. ಅದರ ಪೂರ್ವಜ ಒಂಟಿಯಾಗಿ ಬೇಟೆಯಾಡುವ ಕಾಡುಬೆಕ್ಕು. ಒಂಟಿ ಪ್ರಾಣಿ ತನ್ನ ನೋವು, ಭಯವನ್ನು ಎದ್ದು ಕಾಣುವಂತೆ ತೋರಿಸಿದರೆ ಬದುಕುವುದು ಕಷ್ಟ. ಹಾಗಾಗಿ ಬೆಕ್ಕಿನ ಭಾಷೆ ಎಲ್ಲವೂ ಸಣ್ಣ ಸಣ್ಣದು. ಕಲಿಯಬೇಕಾದವರು ನಾವು.

ಒಂದು ವಾರ ಬರೀ ನೋಡಿ

ಏನೂ ಕಲಿಸುವ ಮೊದಲು ಒಂದು ವಾರ ಸುಮ್ನೆ ನೋಡಿ, ಬೇಕಿದ್ದರೆ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಎಲ್ಲಿ ಮಲಗುತ್ತದೆ, ಯಾವ ಸದ್ದಿಗೆ ಅಡಗುತ್ತದೆ, ಎಷ್ಟು ತಿನ್ನುತ್ತದೆ, ಲಿಟರ್ ಟ್ರೇಗೆ (ಅದರ ಮಲಮೂತ್ರಕ್ಕೆ ಇಟ್ಟ ತಟ್ಟೆಗೆ) ಎಷ್ಟು ಸಲ ಹೋಗುತ್ತದೆ. ನಿಮ್ಮ ಬೆಕ್ಕಿನ ಮಾಮೂಲಿ ಹೇಗಿರುತ್ತದೆ ಅಂತ ಗೊತ್ತಿದ್ದರೆ ಮಾತ್ರ ಮಾಮೂಲಿ ಅಲ್ಲದ್ದು ಕಣ್ಣಿಗೆ ಬೀಳುತ್ತದೆ.

ಬಾಲ ನೆಟ್ಟಗೆ ಎತ್ತಿ, ತುದಿ ಮಾತ್ರ ಕೊಕ್ಕೆಯ ಹಾಗೆ ಬಾಗಿಸಿಕೊಂಡು ನಿಮ್ಮ ಕಡೆ ಬಂದರೆ ಅದು ಅಕ್ಕರೆಯ ಸ್ವಾಗತ. ಬಾಲ ಪಟಪಟ ಬಡಿಯುತ್ತಿದ್ದರೆ ಕಿರಿಕಿರಿ, ಕೈ ತೆಗೆಯಿರಿ. ಕಿವಿ ಪಕ್ಕಕ್ಕೆ ಚಪ್ಪಟೆಯಾದರೆ ಭಯ. ಕಣ್ಣಿನ ಪಾಪೆ ದೊಡ್ಡದಾಗಿದೆ ಅಂತ ಅದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಕತ್ತಲಲ್ಲೂ ಹಿಗ್ಗುತ್ತದೆ, ಆಟದ ಹುರುಪಿನಲ್ಲೂ ಹಿಗ್ಗುತ್ತದೆ. ಬಾಲ, ಕಿವಿ, ಮೈಯ ಬಿಗಿ ಎಲ್ಲವನ್ನೂ ಒಟ್ಟಿಗೆ ಓದಬೇಕು.

ಗುರ್ ಗುರ್ ಅನ್ನುವ ಸದ್ದಿನ ವಿಷಯದಲ್ಲೂ ಅಷ್ಟೇ. ಖುಷಿಯಲ್ಲಿ ಗುರುಗುಟ್ಟುತ್ತದೆ, ನಿಜ. ಪೆಟ್ಟಾದಾಗ, ಹೆರಿಗೆಯಲ್ಲಿ, ಸಾಯುವ ಹೊತ್ತಿನಲ್ಲೂ ಗುರುಗುಟ್ಟುತ್ತದೆ. ಅದರಲ್ಲೇ ಒಂದು ಬಗೆ ಊಟ ಕೇಳುವ ಗುರುಗುಟ್ಟುವಿಕೆ. ಕ್ಯಾರೆನ್ ಮೆಕೊಂಬ್ ತಂಡ 2009ರಲ್ಲಿ ಅದನ್ನು ಅಳೆದು ನೋಡಿದಾಗ ಒಳಗೆ ಅಳುವಿನಂಥ ಒಂದು ತೆಳು ದನಿ ಸೇರಿಕೊಂಡಿತ್ತು. ಬೆಕ್ಕು ಸಾಕಿ ಗೊತ್ತಿಲ್ಲದವರಿಗೂ ಆ ಸದ್ದು ಅರ್ಜೆಂಟ್ ಅನ್ನಿಸುತ್ತದೆ. ಇನ್ನು ಮಿಯಾಂವ್ ಅನ್ನುವುದು ಹೆಚ್ಚಾಗಿ ನಮಗೆ ಅಂತಲೇ ಇರುವ ಮಾತು. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಹಾಗೆ ಕೂಗಿಕೊಳ್ಳುವುದು ಅಪರೂಪ. ಅದಕ್ಕೇ ಒಂದೊಂದು ಬೆಕ್ಕಿನ ಮಿಯಾಂವ್ ಆ ಮನೆಯವರಿಗೆ ಮಾತ್ರ ಅರ್ಥವಾಗುವಂತಿರುತ್ತದೆ.

ಕಣ್ಣಿನಲ್ಲಿ ಮಾತಾಡಿ

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅಂತ ಗಾದೆ ಮಾಡಿ ನಾವು ಅದನ್ನು ಕಳ್ಳ ಮಾಡಿದ್ದೇವೆ. ಬೆಕ್ಕು ನಮ್ಮ ಎದುರು ಕಣ್ಣು ಮುಚ್ಚುವುದಕ್ಕೆ ಬೇರೆಯದೇ ಅರ್ಥ ಇದೆ. ಎರಡು ಮೀಟರ್ ದೂರದಲ್ಲಿ ಕೂತುಕೊಳ್ಳಿ. ಅದು ನಿಮ್ಮತ್ತ ನೋಡಿದಾಗ, ದಿಟ್ಟಿಸದೆ, ರೆಪ್ಪೆಯನ್ನು ಅರ್ಧ ಇಳಿಸಿ, ಮೆಲ್ಲಗೆ ಪೂರ್ತಿ ಮುಚ್ಚಿ, ಮೆಲ್ಲಗೆ ತೆರೆಯಿರಿ. ಕಾಯಿರಿ. ಎಷ್ಟೋ ಬೆಕ್ಕುಗಳು ತಿರುಗಿ ಹಾಗೇ ಮಾಡುತ್ತವೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿದರು. ಹೀಗೆ ನಿಧಾನಕ್ಕೆ ಕಣ್ಣು ಮಿಟುಕಿಸಿದ ಅಪರಿಚಿತರ ಕೈ ಹತ್ತಿರವೂ ಬೆಕ್ಕುಗಳು ಹೆಚ್ಚು ಬಂದವು. ಹೊಸದಾಗಿ ತಂದ ಹೆದರಿದ ಬೆಕ್ಕಿಗೆ ಇದಕ್ಕಿಂತ ಒಳ್ಳೆಯ ಮೊದಲ ಮಾತು ನನಗಂತೂ ಗೊತ್ತಿಲ್ಲ.

ಮುಟ್ಟುವುದು ಆಮೇಲೆ. ಬೆರಳನ್ನು ಅದರ ಮೂಗಿನ ಮಟ್ಟಕ್ಕೆ ಹಿಡಿಯಿರಿ, ಅದೇ ಬಂದು ಮೂಸಲಿ. ಕೆನ್ನೆ ಉಜ್ಜಿದರೆ ಒಪ್ಪಿಗೆ ಸಿಕ್ಕಿದ ಹಾಗೆ. ಗಲ್ಲದ ಕೆಳಗೆ, ಕೆನ್ನೆಯ ಮೇಲೆ, ಕಿವಿಯ ಬುಡದಲ್ಲಿ ಮೂರು ಸೆಕೆಂಡು ಸವರಿ ನಿಲ್ಲಿಸಿ. ಅದು ತಲೆ ತಂದು ಒತ್ತಿದರೆ ಮುಂದುವರಿಸಿ, ಇಲ್ಲದಿದ್ದರೆ ಬಿಡಿ. ಅಂಗಾತ ಬಿದ್ದು ಹೊಟ್ಟೆ ತೋರಿಸಿದರೆ ಅದು ನಂಬಿಕೆ, ಹೊಟ್ಟೆ ಮುಟ್ಟಿ ಅಂತ ಕರೆದದ್ದಲ್ಲ. ಅಂದ ಹಾಗೆ, ಬೆಕ್ಕಿಗೆ ಮೂಗಿನಿಂದ ಒಂದು ಗೇಣು ದೂರದೊಳಗಿನದು ಮಸುಕಾಗಿ ಕಾಣುತ್ತದೆ, ಅಲ್ಲಿ ಅದರ ಕೆಲಸ ಮೀಸೆ ಮತ್ತು ವಾಸನೆಯಿಂದ. ಎದುರಿಗೇ ಇಟ್ಟ ತಿಂಡಿ ಕಾಣದೆ ತಡಕಾಡಿದರೆ ದಡ್ಡ ಅನ್ನಬೇಡಿ.

ಬುದ್ಧಿಗೆ ಕೆಲಸ ಕೊಡಿ

ನೀವು ಪಕ್ಕದ ಕೋಣೆಗೆ ಹೋದರೂ ಬೆಕ್ಕಿನ ತಲೆಯಲ್ಲಿ ನೀವು ಇರುತ್ತೀರಿ. ಜಪಾನಿನಲ್ಲಿ 2021ರಲ್ಲಿ ಒಂದು ಚಂದದ ಪ್ರಯೋಗ ನಡೆಯಿತು. ಕೋಣೆಯ ಹೊರಗೆ ಒಂದು ಕಡೆಯಿಂದ ಮನೆಯವರ ದನಿ ಕೇಳಿಸಿ, ಆದ ಕೂಡಲೇ ಅದೇ ದನಿಯನ್ನು ಕೋಣೆಯೊಳಗಿನ ಸ್ಪೀಕರಿನಿಂದ ಕೇಳಿಸಿದರು. ಬೆಕ್ಕುಗಳು ಬೆಚ್ಚಿ ಸುತ್ತ ನೋಡಿದವು. ಕಣ್ಣಿಗೆ ಕಾಣದ ಮನುಷ್ಯ ಎಲ್ಲಿದ್ದಾನೆ ಅಂತ ಅವು ಲೆಕ್ಕ ಇಟ್ಟುಕೊಂಡಿರದಿದ್ದರೆ ಅಷ್ಟು ಆಶ್ಚರ್ಯ ಯಾಕೆ, ಅಲ್ವಾ?

ಇಂಥ ತಲೆಗೆ ದಿನವಿಡೀ ಮಾಡಲು ಏನೂ ಇಲ್ಲದಿದ್ದರೆ ಪರದೆ ಹರಿಯುತ್ತದೆ, ರಾತ್ರಿ ಮೂರು ಗಂಟೆಗೆ ಕಾಲು ಕಚ್ಚುತ್ತದೆ. ಬೆಕ್ಕಿಗೆ ಬೇಕಿರುವುದು ಬೇಟೆಯ ಪೂರ್ತಿ ಸುತ್ತು: ನೋಡುವುದು, ಹೊಂಚುವುದು, ಹಾರಿ ಹಿಡಿಯುವುದು, ಕಚ್ಚುವುದು, ತಿನ್ನುವುದು. ಕೋಲಿಗೆ ಕಟ್ಟಿದ ಗರಿಯನ್ನು ಮುಖದ ಮುಂದೆ ಆಡಿಸಬೇಡಿ, ಯಾವ ಇಲಿಯೂ ಬೆಕ್ಕಿನ ಬಾಯಿಗೆ ತಾನಾಗಿ ಬರುವುದಿಲ್ಲ. ದೂರ ಎಳೆಯಿರಿ, ಸೋಫಾ ಹಿಂದೆ ಮರೆ ಮಾಡಿ, ನಿಲ್ಲಿಸಿ. ಹಿಡಿಯಲು ಬಿಡಿ. ಹತ್ತು ನಿಮಿಷ ಆದ ಮೇಲೆ ಊಟ ಹಾಕಿ. ಲೇಸರ್ ಬೆಳಕು ಆಡಿಸುವುದಾದರೆ ಕೊನೆಗೆ ಕಾಲಡಿಗೆ ಸಿಗುವ ನಿಜವಾದ ಆಟಿಕೆ ಅಥವಾ ತಿಂಡಿಯ ಮೇಲೆ ಬೆಳಕು ನಿಲ್ಲಲಿ, ಸಿಗದೇ ಇರುವ ಬೇಟೆ ಬರೀ ಚಡಪಡಿಕೆ.

ಕಲಿಸಲೂಬಹುದು. ಬೆರಳು ಚಾಚಿ, ಮೂಗು ತಾಗಿದ ಕ್ಷಣ "ಹೂಂ" ಅಂತ ಒಂದೇ ಪದ ಹೇಳಿ ಚಿಟಿಕೆಯಷ್ಟು ತಿಂಡಿ ಕೊಡಿ. ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ಬೇಡ. ಕೆಲವು ದಿನದಲ್ಲಿ ಬೆರಳು ಎಲ್ಲಿಗೆ ಹೋದರೆ ಅಲ್ಲಿಗೆ ಬರುತ್ತದೆ, ಬುಟ್ಟಿಯೊಳಗೂ ಬರುತ್ತದೆ. ಡಾಕ್ಟರ ಹತ್ತಿರ ಹೋಗುವ ದಿನ ಮನೆಯೆಲ್ಲ ಅಟ್ಟಾಡಿಸಿ ಹಿಡಿಯುವ ಸಂಕಟ ತಪ್ಪುತ್ತದೆ, ನಿಮಗೂ ಅದಕ್ಕೂ.

ಸಿಟ್ಟು, ಸೇಡು ಅಂತ ಅಂದುಕೊಳ್ಳುವ ಮೊದಲು

ಇದನ್ನು ನಾನು ತಪ್ಪು ಮಾಡಿ ಕಲಿತದ್ದು. ಚುಕ್ಕಿಯ ಜೊತೆ ನಮ್ಮಲ್ಲಿ ಗುಂಡ ಅಂತ ಇನ್ನೊಬ್ಬ ಇದ್ದ. ನಾನು ನಾಲ್ಕು ದಿನ ಹೊರಗೆ ಹೋಗಿ ಬಂದ ರಾತ್ರಿ ನನ್ನ ಹೊದಿಕೆಯ ಮೇಲೆ ಉಚ್ಚೆ ಮಾಡಿದ. ಬಿಟ್ಟು ಹೋದದ್ದಕ್ಕೆ ಸಿಟ್ಟು ಅಂದುಕೊಂಡು ಗದರಿದೆ, ಅವನು ಬೀರುವಿನ ಕೆಳಗೆ ನುಗ್ಗಿ ಬೆಳಗಿನವರೆಗೆ ಬರಲಿಲ್ಲ. ಬೆಳಿಗ್ಗೆ ನೋಡುತ್ತೇನೆ, ಟ್ರೇಯಲ್ಲಿ ಕೂತು ತಿಣುಕುತ್ತಿದ್ದಾನೆ, ಒಂದು ಹನಿ ಬರುತ್ತದೆ, ಇಳಿಯುತ್ತಾನೆ, ಮತ್ತೆ ಹತ್ತುತ್ತಾನೆ. ಡಾಕ್ಟರು ಮೂತ್ರಕೋಶದಲ್ಲಿ ಉರಿಯೂತ ಆಗಿದೆ ಅಂದರು. ದಿನಚರಿ ಏರುಪೇರಾದ ಒತ್ತಡದಿಂದಲೇ ಹಾಗಾಗಬಹುದಂತೆ. ನೋವಿಗೆ ಮೆತ್ತನೆ ಜಾಗ ಹುಡುಕಿದ್ದ, ನನ್ನ ವಾಸನೆ ಇದ್ದ ಜಾಗ. ನಾನು ಗದರಿದ್ದೆ. ಇವತ್ತಿಗೂ ಅದು ಚುಚ್ಚುತ್ತದೆ.

ಗಂಡು ಬೆಕ್ಕು ತಿಣುಕಿದರೂ ಉಚ್ಚೆ ಬರುತ್ತಿಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ, ಆ ಕ್ಷಣವೇ ಹೊರಡಿ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಟ್ರೇಗಳು ಬೆಕ್ಕುಗಳಿಗಿಂತ ಒಂದು ಜಾಸ್ತಿ ಇರಲಿ, ಬೇರೆ ಬೇರೆ ಜಾಗದಲ್ಲಿ. ಬೈಯುವುದು, ನೀರು ಎರಚುವುದು ಬೇಡ. ಆಗಲೇ ಆಗಿ ಹೋದದ್ದಕ್ಕೂ ನಿಮ್ಮ ಸಿಟ್ಟಿಗೂ ಬೆಕ್ಕು ಗಂಟು ಹಾಕುವುದಿಲ್ಲ, ನಿಮಗೆ ಹೆದರುವುದನ್ನು ಮಾತ್ರ ಕಲಿಯುತ್ತದೆ.

ನೋವನ್ನು ಮುಖದಲ್ಲಿ ಓದಬಹುದು. ಕೆನಡಾದ ಮಾಂಟ್ರಿಯಲ್‌ನ ಪಶುವೈದ್ಯರು 2019ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿದರು. ನೋಡಬೇಕಾದ್ದು ಐದು: ಕಿವಿಗಳು ಒಂದರಿಂದೊಂದು ದೂರವಾಗಿ ಹೊರಕ್ಕೆ ತಿರುಗಿವೆಯಾ, ಕಣ್ಣು ಕಿರಿದಾಗಿದೆಯಾ, ಮೂತಿ ಬಿಗಿದಿದೆಯಾ, ಮೀಸೆ ನೆಟ್ಟಗಾಗಿದೆಯಾ, ತಲೆ ಭುಜಕ್ಕಿಂತ ಕೆಳಗೆ ಇಳಿದಿದೆಯಾ. ಆರೋಗ್ಯವಾಗಿದ್ದಾಗಿನ ಒಂದು ಫೋಟೋ ಇಟ್ಟುಕೊಂಡರೆ ಹೋಲಿಸಲು ಸುಲಭ.

ನೀವು ಅದಕ್ಕೆ ಯಾರು

ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ವಿಟಾಲೆ ತಂಡ 2019ರಲ್ಲಿ ಮರಿಗಳನ್ನು ಸಾಕಿದವರ ಜೊತೆ ಹೊಸ ಕೋಣೆಯಲ್ಲಿ ಬಿಟ್ಟು, ಎರಡು ನಿಮಿಷ ಒಂಟಿಯಾಗಿಸಿ, ಮತ್ತೆ ಅವರನ್ನು ಒಳಗೆ ಕಳಿಸಿತು. ಸುಮಾರು 64% ಮರಿಗಳು ಬಂದವರನ್ನು ಮಾತಾಡಿಸಿ, ಧೈರ್ಯ ತಂದುಕೊಂಡು, ಮತ್ತೆ ಕೋಣೆ ಸುತ್ತಲು ಹೋದವು. ಮನುಷ್ಯರ ಮಕ್ಕಳಲ್ಲಿ ಇದನ್ನೇ ಗಟ್ಟಿಯಾದ ನಂಟು ಅನ್ನುತ್ತಾರೆ. ನೀವು ಮನೆಗೆ ಬಂದಾಗ ಕಾಲಿಗೊಮ್ಮೆ ಉಜ್ಜಿ ತನ್ನ ಪಾಡಿಗೆ ಹೋಗುವ ಬೆಕ್ಕು ನಿಮ್ಮನ್ನು ಕಡೆಗಣಿಸುತ್ತಿಲ್ಲ. ನೀವು ಇದ್ದೀರಿ ಅನ್ನುವ ನೆಮ್ಮದಿಯಲ್ಲಿ ಹೋಗುತ್ತಿದೆ.

ಹೆದರಿಕೆ ಆದಾಗಲೂ ಅದು ನಿಮ್ಮ ಮುಖ ನೋಡುತ್ತದೆ. ರಿಬ್ಬನ್ ಕಟ್ಟಿದ ಫ್ಯಾನ್ ಎದುರಿಗೆ ಬಿಟ್ಟಾಗ 79% ಬೆಕ್ಕುಗಳು ಫ್ಯಾನನ್ನೂ ಸಾಕಿದವರ ಮುಖವನ್ನೂ ಮತ್ತೆ ಮತ್ತೆ ನೋಡಿದವು ಅಂತ 2015ರ ಒಂದು ಅಧ್ಯಯನ ಹೇಳುತ್ತದೆ. ಪಟಾಕಿ ಸದ್ದು, ಮನೆಗೆ ಹೊಸಬರು, ಡಾಕ್ಟರ ಮೇಜು, ಇಂಥ ಕಡೆ ನಿಮ್ಮ ದನಿ ತಣ್ಣಗಿರಲಿ.

ಜೊತೆಗಾರ ಹೋದಾಗ

ಗುಂಡ ಹೋದ ವರ್ಷ ತೀರಿಕೊಂಡ, ವಯಸ್ಸಾಗಿತ್ತು. ಚುಕ್ಕಿ ಮೊದಲ ವಾರ ಅವನು ಮಲಗುತ್ತಿದ್ದ ಬುಟ್ಟಿಯ ಪಕ್ಕದಲ್ಲಿ ಮಲಗಿದಳು, ಒಳಗಲ್ಲ, ಪಕ್ಕದಲ್ಲಿ. ಗರಿಯ ಕೋಲು ತಂದರೆ ಕಣ್ಣಲ್ಲೇ ನೋಡಿ ಬಿಟ್ಟಳು. ಮನೆಯ ಇನ್ನೊಂದು ಪ್ರಾಣಿ ಸತ್ತ ಮೇಲೆ ಬೆಕ್ಕುಗಳ ನಿದ್ದೆ, ಊಟ, ಆಟ ಕಡಿಮೆಯಾಗುತ್ತದೆ ಅಂತ 2024ರಲ್ಲಿ ಅಮೆರಿಕದಲ್ಲಿ ಸಾಕಿದವರನ್ನು ಕೇಳಿ ಮಾಡಿದ ಅಧ್ಯಯನದಲ್ಲೂ ಬಂದಿದೆ. ಕೇಳಿದ್ದು ಸಾಕಿದವರನ್ನು, ಅವರ ದುಃಖವೂ ಉತ್ತರದಲ್ಲಿ ಸೇರಿರಬಹುದು. ಆದರೂ ನಾನು ಕಣ್ಣಾರೆ ಕಂಡದ್ದನ್ನು ಇಲ್ಲ ಅನ್ನಲಾರೆ.

ಇಂಥ ಹೊತ್ತಿನಲ್ಲಿ ಊಟದ ಸಮಯ ಬದಲಿಸಬೇಡಿ. ಹೋದವನ ಹೊದಿಕೆ ತಕ್ಷಣ ಒಗೆಯಬೇಡಿ, ವಾಸನೆ ತಾನಾಗಿ ತೆಳುವಾಗಲಿ. ಸಮಾಧಾನಕ್ಕೆ ಅಂತ ಕೂಡಲೇ ಹೊಸ ಮರಿ ತರಬೇಡಿ. ಹತ್ತಿರ ಕೂತಿರಿ, ಎತ್ತಿಕೊಳ್ಳಲು ಹೋಗಬೇಡಿ. ಒಂದು ಪೂರ್ತಿ ದಿನ ಏನೂ ತಿನ್ನದಿದ್ದರೆ ದುಃಖ ಅಂತ ಸುಮ್ಮನಿರದೆ ಡಾಕ್ಟರಿಗೆ ತೋರಿಸಿ, ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಯಕೃತ್ತಿಗೆ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತು ಬರಬಹುದು.

ಒಟ್ಟಿಗೆ ಬದುಕುವ ಬೆಕ್ಕುಗಳಿಗೆ ಒಂದರ ಹೆಸರು ಇನ್ನೊಂದಕ್ಕೆ ಗೊತ್ತಿರುತ್ತದೆ ಅಂತ ಜಪಾನಿನವರು 2022ರಲ್ಲಿ ತೋರಿಸಿದ್ದರು. ನಾನದನ್ನು ಓದಿ ಮರೆತಿದ್ದೆ. ಎರಡು ತಿಂಗಳಾದ ಮೇಲೆ ಒಂದು ಸಂಜೆ ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಾ "ನಮ್ಮ ಗುಂಡ" ಅಂದೆ. ಚುಕ್ಕಿ ನನಗೆ ಬೆನ್ನು ಮಾಡಿ ಕೂತಿದ್ದಳು. ಎರಡೂ ಕಿವಿ ಹಿಂದೆ ತಿರುಗಿದವು. ಆಮೇಲೆ, ತನ್ನ ಹೆಸರು ಕರೆದಾಗಲೂ ತಿರುಗಿಸದ ತಲೆಯನ್ನು ಬಾಗಿಲ ಕಡೆ ತಿರುಗಿಸಿ ತುಂಬಾ ಹೊತ್ತು ನೋಡಿದಳು. ಫೋನ್ ಇಟ್ಟು ನಾನೂ ನೆಲದ ಮೇಲೆ ಕೂತು ಬೆರಳು ಚಾಚಿದೆ. ಬಂದು ಕೆನ್ನೆ ಉಜ್ಜಿ, ಮತ್ತೆ ಬಾಗಿಲ ಕಡೆಗೇ ಮುಖ ಮಾಡಿ ಕೂತಳು.