ಸ್ವೀಪರ್ ಹಿಂದೆ ಕಸ ಉಳಿಯುತ್ತಿದೆಯೇ? ಬ್ರಷ್ ಒತ್ತುವ ಮೊದಲು ಇಷ್ಟು ನೋಡಿ

ಗುಡಿಸುವ ಯಂತ್ರ (ಸ್ವೀಪರ್) ಮುಂದೆ ಹೋದ ಮೇಲೂ ನೆಲದಲ್ಲಿ ಮರಳಿನ ಗೆರೆ ಉಳಿದರೆ ಬಹುತೇಕ ಆಪರೇಟರ್‌ಗಳ ಕೈ ಹೋಗುವುದು ಬ್ರಷ್ ಇಳಿಸುವ ಹಿಡಿಕೆಗೆ. ಇನ್ನಷ್ಟು ಒತ್ತಿದರೆ ಇನ್ನಷ್ಟು ಬಳಿದುಕೊಂಡು ಬರುತ್ತದೆ ಎಂಬ ಲೆಕ್ಕ. ಆಗುವುದು ಬೇರೆಯೇ. ಪೊರಕೆ ಹಿಡಿದು ಪಳಗಿದವರನ್ನು ಗಮನಿಸಿ: ಕಡ್ಡಿಗಳ ತುದಿಯಷ್ಟೇ ನೆಲ ಸವರುತ್ತದೆ, ಕೊನೆಯಲ್ಲಿ ಚಿಮ್ಮಿ ಮೇಲೇಳುತ್ತದೆ. ಯಂತ್ರದ ಬ್ರಷ್ ಕೂಡ ಕಸ ಎತ್ತುವುದು ಎಳೆಯ ತುದಿಯ ಈ ಚಿಮ್ಮಿನಿಂದಲೇ. ಒತ್ತಿ ಹಿಡಿದಾಗ ಎಳೆ ಬಾಗಿ ನೆಲದ ಮೇಲೆ ಮಲಗುತ್ತದೆ, ತುದಿಗೆ ಕೆಲಸವೇ ಇರುವುದಿಲ್ಲ. ಕಸ ಎಗರುವ ಬದಲು ಉಜ್ಜಿಕೊಂಡು ಹೋಗುತ್ತದೆ. ಮೋಟರ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಬ್ರಷ್ ಅಕಾಲದಲ್ಲಿ ಸವೆಯುತ್ತದೆ.

ಕಸ ಬಿಟ್ಟುಹೋಗಲು ಕಾರಣ ಸಾಮಾನ್ಯವಾಗಿ ಯಂತ್ರದ ಶಕ್ತಿ ಸಾಲದಿರುವುದಲ್ಲ, ಎಲ್ಲೋ ಕೆಲವು ಮಿಲಿಮೀಟರ್ ತಪ್ಪಿರುವುದು. ಹುಡುಕುವ ಕ್ರಮ ಇದು: ಮೊದಲು ಬ್ರಷ್, ಆಮೇಲೆ ಅದರ ಸುತ್ತ ತೂಗುವ ರಬ್ಬರ್ ಪಟ್ಟಿಗಳು, ಆಮೇಲೆ ದೂಳು ಹೀರುವ ಗಾಳಿ, ಕೊನೆಗೆ ಓಡಿಸುವ ರೀತಿ. ಬ್ರಷ್ ಓರೆಯಾಗಿರುವಾಗ ಹೊಸ ಫಿಲ್ಟರ್ ಹಾಕುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಉಳಿದ ಕಸವೇ ಅರ್ಧ ಉತ್ತರ ಹೇಳುತ್ತದೆ

ಹತ್ತು ಮೀಟರ್ ಗುಡಿಸಿ, ಇಳಿದು ಹಿಂದಕ್ಕೆ ನಡೆದು ನೋಡಿ. ಒಂದು ಅಂಚಿನಲ್ಲಿ ಮಾತ್ರ ಸಣ್ಣ ಗೆರೆ ಉಳಿದಿದ್ದರೆ ಆ ಬದಿಯ ರಬ್ಬರ್ ಪಟ್ಟಿ ಹರಿದಿದೆ, ಇಲ್ಲವೇ ಬ್ರಷ್ಷಿನ ಆ ತುದಿ ಮೇಲೆದ್ದಿದೆ. ಅಗಲಕ್ಕೂ ತೆಳುವಾಗಿ ನುಣ್ಣನೆ ದೂಳು ಉಳಿದರೆ ಗಾಳಿಯ ಕಡೆ ನೋಡಬೇಕು. ಕಾಗದದ ಲೋಟ, ಎಲೆ, ಪ್ಲಾಸ್ಟಿಕ್ ತುಂಡು ಯಂತ್ರದ ಮುಂದೆಯೇ ತಳ್ಳಿಕೊಂಡು ಹೋಗುತ್ತಿದ್ದರೆ ಮುಂದಿನ ಪಟ್ಟಿ ಅವನ್ನು ಒಳಗೆ ಬಿಡುತ್ತಿಲ್ಲ. ಅಲ್ಲೊಂದು ಇಲ್ಲೊಂದು ಗುಪ್ಪೆ ಬಿದ್ದಿದ್ದರೆ ಹಾಪರ್, ಅಂದರೆ ಕಸ ಬೀಳುವ ಪೆಟ್ಟಿಗೆ, ತುಂಬಿದೆ, ಅಥವಾ ಬ್ರಷ್ ಹೊತ್ತುಕೊಂಡ ಕಸವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಹಿಂದೆಯೇ ಸುರಿಯುತ್ತಿದೆ.

ಯಂತ್ರದ ಅಡಿಗೆ ಕೈ ಹಾಕುವ ಮೊದಲು ಎಂಜಿನ್ ನಿಲ್ಲಿಸಿ, ಬೀಗದ ಕೈ ತೆಗೆದು, ಪಾರ್ಕಿಂಗ್ ಬ್ರೇಕ್ ಎಳೆಯಿರಿ. ಎತ್ತಿದ ಹಾಪರ್ ಕೆಳಗೆ ಹೋಗುವುದಿದ್ದರೆ ಅದಕ್ಕೆಂದೇ ಕೊಟ್ಟಿರುವ ಆಧಾರದ ಸಲಾಕೆ ನಿಲ್ಲಿಸಲೇಬೇಕು. ಹೈಡ್ರಾಲಿಕ್ ಹಿಡಿದುಕೊಂಡಿದೆ ಎಂಬ ನಂಬಿಕೆ ಸಾಲದು.

ಸೀಮೆಸುಣ್ಣದ ಪುಡಿಯ ಪರೀಕ್ಷೆ

ಯಂತ್ರದ ಅಡಿಯಲ್ಲಿ ಅಡ್ಡಲಾಗಿ ಉರುಳುವ ಮುಖ್ಯ ಬ್ರಷ್ ಸರಿಯಾಗಿ ಕೂತಿದೆಯೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಐದು ನಿಮಿಷದ ಪರೀಕ್ಷೆ ಹೇಳುತ್ತದೆ.

1. ಸಮತಟ್ಟಾದ, ನುಣುಪಾದ ನೆಲ ಆರಿಸಿ. ನೆಲವೇ ತಗ್ಗುದಿಣ್ಣೆಯಾದರೆ ಪರೀಕ್ಷೆಯೂ ಸುಳ್ಳಾಗುತ್ತದೆ. ಬ್ರಷ್ಷಿಗೆ ಸುತ್ತಿಕೊಂಡ ದಾರ, ತಂತಿ, ಪ್ಯಾಕಿಂಗ್ ಪಟ್ಟಿಗಳನ್ನು ಮೊದಲೇ ಕತ್ತರಿಸಿ ತೆಗೆಯಿರಿ. ತುದಿಗಳಲ್ಲಿ ಬೇರಿಂಗ್ ಪಕ್ಕಕ್ಕೂ ಕಣ್ಣು ಹಾಯಿಸಿ, ದಾರ ಒಳಗೆ ಸೇರಿಕೊಂಡರೆ ಸೀಲ್ ಹರಿದು ಬೇರಿಂಗ್ ಹಾಳಾಗುತ್ತದೆ.

2. ಬ್ರಷ್ಷಿನ ಪೂರ್ತಿ ಅಗಲಕ್ಕೆ ಸೀಮೆಸುಣ್ಣದ ಪುಡಿ ತೆಳುವಾಗಿ ಉದುರಿಸಿ. ಪುಡಿ ಸಿಗದಿದ್ದರೆ ಹಾಪರ್‌ನಲ್ಲಿರುವ ನುಣ್ಣನೆ ದೂಳೇ ಆದೀತು. ಹೀರುವ ಫ್ಯಾನ್ ನಿಲ್ಲಿಸಿ.

3. ಬ್ರಷ್ ಎತ್ತಿಕೊಂಡೇ ಯಂತ್ರವನ್ನು ಪುಡಿಯ ಮೇಲೆ ತನ್ನಿ. ಬ್ರೇಕ್ ಹಾಕಿ, ತಿರುಗುವ ಬ್ರಷ್ಷನ್ನು ಗುಡಿಸುವ ಮಟ್ಟಕ್ಕೆ ಇಳಿಸಿ. ಯಂತ್ರ ಕದಲದಂತೆ 15ರಿಂದ 30 ಸೆಕೆಂಡ್ ಬಿಡಿ.

4. ಬ್ರಷ್ ಎತ್ತಿ ಯಂತ್ರವನ್ನು ಸರಿಸಿ. ಬ್ರಷ್ ತಾಗಿದಲ್ಲಿ ಪುಡಿ ಹಾರಿ ಒಂದು ಪಟ್ಟೆ ಮೂಡಿರುತ್ತದೆ. ಎರಡು ತುದಿ ಮತ್ತು ನಡುವೆ, ಮೂರು ಕಡೆ ಅದರ ಅಗಲ ಅಳೆಯಿರಿ.

ಕಾರ್ಖಾನೆ, ಗೋದಾಮಿನ ನೆಲ ಗುಡಿಸುವ ಯಂತ್ರಗಳಲ್ಲಿ ಪಟ್ಟೆ ಸಾಮಾನ್ಯವಾಗಿ 50ರಿಂದ 75 ಮಿ.ಮೀ. ಇರಬೇಕು. ರಸ್ತೆ ಗುಡಿಸುವ ದೊಡ್ಡ ಬ್ರಷ್‌ಗಳಿಗೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ, ಆ ಅಂಕಿಯನ್ನು ಯಂತ್ರದ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಅಗಲ ಎಷ್ಟಿದೆ ಎನ್ನುವುದಕ್ಕಿಂತ ಆಕಾರ ಹೇಗಿದೆ ಎನ್ನುವುದೇ ಮುಖ್ಯ. ಒಂದು ತುದಿಯಲ್ಲಿ 80, ಇನ್ನೊಂದು ತುದಿಯಲ್ಲಿ 40 ಮಿ.ಮೀ. ಬಂದರೆ ಬ್ರಷ್ ಓರೆಯಾಗಿದೆ. ಅಗಲವಾದ ಕಡೆ ತಗ್ಗಿದೆ. ಒಂದು ಬದಿಯ ಬೇರಿಂಗ್ ಹಿಡಿದಿರುವ ಬ್ರಾಕೆಟ್ಟಿನ ಬೋಲ್ಟ್ ಸಡಿಲಿಸಿ, ಚೂರೇ ಚೂರು ಸರಿಸಿ, ಬಿಗಿದು, ಪುಡಿ ಉದುರಿಸಿ ಮತ್ತೆ ನೋಡಿ. ಒಂದೇ ಸಲಕ್ಕೆ ಸರಿಹೋಗುವುದು ಅಪರೂಪ, ಎರಡು ಮೂರು ಸುತ್ತು ಬೇಕಾಗುತ್ತದೆ. ಎರಡೂ ತುದಿ ಅಗಲವಾಗಿ ನಡು ಸಣಕಲಾಗಿದ್ದರೆ ಬ್ರಷ್ ನಡುವೆ ಸವೆದಿದೆ. ಸಾಲುಗಟ್ಟಿದ ಕಸವನ್ನು ಸದಾ ಯಂತ್ರದ ಮಧ್ಯಕ್ಕೆ ಹಿಡಿದು ಓಡಿಸಿದರೆ ಹೀಗಾಗುತ್ತದೆ. ಇದಕ್ಕೆ ಸ್ಪ್ಯಾನರ್ ಮದ್ದಲ್ಲ. ಬ್ರಷ್ ಬದಲಿಸಬೇಕು.

ಸವೆತ ಹಂಚಿಹೋಗಲಿ ಎಂದು ಬ್ರಷ್ಷನ್ನು ಸುಮಾರು 50 ಗಂಟೆಗೊಮ್ಮೆ ತುದಿ ತಿರುಗಿಸಿ ಹಾಕುವ ರೂಢಿಯಿದೆ. ಎಳೆಗಳು ಸುರುಳಿಯಾಗಿ ಸುತ್ತಿದ್ದರೆ ಧಾರಾಳವಾಗಿ ಮಾಡಿ. ತುದಿ ಬದಲಾದರೂ ಸುರುಳಿಯ ದಿಕ್ಕು ಬದಲಾಗದು. ಆದರೆ ಬಾಣದ ಮೊನೆಯಂತೆ ನಡುವೆ ಕೂಡುವ ಸಾಲುಗಳಿದ್ದರೆ ತಿರುಗಿಸಬೇಡಿ. ಮೊನೆ ಹಿಮ್ಮುಖವಾಗಿ, ನಡುವಿಗೆ ಬರಬೇಕಾದ ಕಸ ಎರಡು ಬದಿಗೆ ಹರಿದುಹೋಗುತ್ತದೆ. ‘ನಿನ್ನೆಯವರೆಗೂ ಚೆನ್ನಾಗಿತ್ತು, ಸರ್ವಿಸ್ ಆದಮೇಲೆ ಕೆಟ್ಟಿತು’ ಎಂಬ ದೂರು ಬಂದಾಗ ನೋಡಬೇಕಾದ ಮೊದಲ ಜಾಗ ಇದು.

ಎಳೆಯ ಆಯ್ಕೆಯಲ್ಲೂ ಒಂದು ಮಾತು. ನುಣ್ಣನೆ ಮರಳು, ದೂಳಿಗೆ ಒತ್ತೊತ್ತಾದ ಸಾಲುಗಳು ಬೇಕು. ಎಲೆ, ಕಾಗದ, ಮರದ ಚೂರಿನಂಥ ಉಬ್ಬಿದ ಕಸಕ್ಕೆ ಸಾಲುಗಳ ನಡುವೆ ತೆರವಿರಬೇಕು, ಆ ತೆರವೇ ಅದನ್ನು ಹೊತ್ತೊಯ್ಯುವುದು. ನೆಲಕ್ಕೆ ಅಂಟಿ ಗಟ್ಟಿಯಾದ ಮಣ್ಣಿಗೆ ಉಕ್ಕಿನ ತಂತಿ ಬೆರೆಸಿದ ಬ್ರಷ್ ಸರಿ, ಬಣ್ಣ ಬಳಿದ ನೆಲಕ್ಕೆ ಮಾತ್ರ ಅದು ಬೇಡ.

ಹಾಪರ್ ಮುಂದಿದೆಯೋ, ಹಿಂದಿದೆಯೋ?

ಮುಂದಿದ್ದರೆ ಬ್ರಷ್ ಕಸವನ್ನು ನೇರವಾಗಿ ಮುಂದಕ್ಕೆ ಎಸೆಯುತ್ತದೆ, ಪೊರಕೆಯಿಂದ ಮೊರಕ್ಕೆ ತಳ್ಳಿದಂತೆ. ಸರಳ ವ್ಯವಸ್ಥೆ. ಆದರೆ ಕಸ ಹಾಪರಿನ ಬಾಯಲ್ಲೇ ಗುಡ್ಡೆಯಾಗುತ್ತದೆ. ಒಳಗೆ ಇನ್ನೂ ಜಾಗವಿದ್ದರೂ ಬಾಯಿ ಕಟ್ಟಿದರೆ ಮುಂದಿನದೆಲ್ಲ ನೆಲಕ್ಕೇ ವಾಪಸ್. ಇಂಥ ಯಂತ್ರದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿದಾಗಲೇ ಸುರಿದುಬಿಡುವುದು ಜಾಣತನ.

ಹಿಂದಿದ್ದರೆ ಬ್ರಷ್ ಕಸವನ್ನು ಹೊತ್ತು, ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತದೆ. ಹಾಪರ್ ಚೆನ್ನಾಗಿ ತುಂಬುತ್ತದೆ. ಆದರೆ ಬ್ರಷ್ಷಿನ ಹಿಂದೆ ಇರುವ ಪುಟ್ಟ ರಬ್ಬರ್ ನಾಲಿಗೆ ಸವೆದರೆ, ಎಸೆದದ್ದರಲ್ಲಿ ಒಂದು ಪಾಲು ಬ್ರಷ್ಷಿನೊಂದಿಗೆ ಕೆಳಗಿಳಿದು ನೆಲ ಸೇರುತ್ತದೆ. ಹೊರಗಿನಿಂದ ಕಾಣದ ಭಾಗವಾದ್ದರಿಂದ ಇದನ್ನು ನೋಡುವವರೇ ಇಲ್ಲ.

ಪಕ್ಕದ ಬ್ರಷ್: ಗಡಿಯಾರದ ಲೆಕ್ಕ

ಬಲಬದಿಯ ಬ್ರಷ್ಷನ್ನು ಮೇಲಿನಿಂದ ಗಡಿಯಾರದ ಮುಖ ಎಂದುಕೊಳ್ಳಿ, 12 ಗಂಟೆ ಯಂತ್ರದ ಮುಂದಕ್ಕೆ. ಎಳೆಗಳು ನೆಲಕ್ಕೆ ತಾಗಬೇಕಾದದ್ದು ಸುಮಾರು 10ರಿಂದ 3ರವರೆಗೆ ಮಾತ್ರ. ಮುಂದಿನ ಅರ್ಧ ಕಸವನ್ನು ಒಳಕ್ಕೆ ಎಳೆಯುತ್ತದೆ. ಹಿಂದಿನ ಅರ್ಧ ಹೊರಕ್ಕೆ ಸಾಗುತ್ತಿರುತ್ತದೆ, ಅದೂ ನೆಲಕ್ಕೆ ತಾಗಿದರೆ ಎಳೆದು ತಂದದ್ದನ್ನು ಮತ್ತೆ ಗೋಡೆಗೇ ಎಸೆಯುತ್ತದೆ. ಆದ್ದರಿಂದಲೇ ಬ್ರಷ್ಷನ್ನು ಮುಂದಕ್ಕೂ ಹೊರಕ್ಕೂ ಸ್ವಲ್ಪ ಬಾಗಿಸಿ ಕೂರಿಸುತ್ತಾರೆ. ವೇಗ ಬದಲಿಸುವ ಅನುಕೂಲವಿದ್ದರೆ ಕಲ್ಲಿನ ಚೂರು, ಒಣದೂಳು ಇರುವಲ್ಲಿ ಇಳಿಸಿ. ಗೋಡೆಯಂಚು ಮುಗಿದ ಕೂಡಲೇ ಪಕ್ಕದ ಬ್ರಷ್ ಎತ್ತಿಬಿಡಿ. ನೆಲದ ಯಂತ್ರಗಳಲ್ಲಿ ಅದರ ಸುತ್ತ ಹೀರುವ ಗಾಳಿ ಇರುವುದು ಕಡಿಮೆ, ತೆರೆದ ನೆಲದಲ್ಲಿ ಅದು ಮಾಡುವ ಕೆಲಸಕ್ಕಿಂತ ಎಬ್ಬಿಸುವ ದೂಳೇ ಜಾಸ್ತಿ.

ರಬ್ಬರ್ ಪಟ್ಟಿ ಮತ್ತು ಗಾಳಿ

ಬ್ರಷ್ ಕೋಣೆಯ ಸುತ್ತ ತೂಗುವ ಪಟ್ಟಿಗಳು ಅಲಂಕಾರಕ್ಕಲ್ಲ. ಫ್ಯಾನ್ ಹೀರಿದಾಗ ಹೊರಗಿನ ಗಾಳಿ ಈ ಪಟ್ಟಿಗಳ ಕೆಳಗಿನ ಸಣ್ಣ ಸಂದಿಯಿಂದ ವೇಗವಾಗಿ ಒಳನುಗ್ಗುತ್ತದೆ. ಆ ವೇಗವೇ ದೂಳನ್ನು ಹೊರಬರದಂತೆ ತಡೆಯುವ ಬೇಲಿ. ಫ್ಯಾನ್ ಎಳೆಯುವ ಗಾಳಿಯ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ಸಂದಿ ಎರಡರಷ್ಟಾದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪಕ್ಕದ ಪಟ್ಟಿಗಳು ಸಾಮಾನ್ಯವಾಗಿ ನೆಲದಿಂದ 3ರಿಂದ 6 ಮಿ.ಮೀ. ಮೇಲಿರಬೇಕು. ಆ ದಪ್ಪದ ಒಂದು ಮರದ ಚಕ್ಕೆಯನ್ನು ಗೇಜಿನಂತೆ ಇಟ್ಟುಕೊಂಡು ಉದ್ದಕ್ಕೂ ತೂರಿಸಿ ನೋಡಿ. ಪಟ್ಟಿಯಲ್ಲಿ ಉದ್ದದ ಕಿರಿದಾದ ರಂಧ್ರಗಳಿರುವುದು ಇಳಿಸಿ ಹೊಂದಿಸಲೆಂದೇ; ಟೈರಿನ ಗಾಳಿ ಸರಿಯಾಗಿ ತುಂಬಿದ ಮೇಲೆ ಅಳೆಯಿರಿ, ಟೈರ್ ಕುಸಿದಿದ್ದರೆ ಅಳತೆಯೆಲ್ಲ ತಪ್ಪು. ಮುಂದಿನ ಪಟ್ಟಿಯನ್ನು ದೊಡ್ಡ ಕಸ ಎದುರಾದಾಗ ಮಾತ್ರ ಪೆಡಲ್ ಒತ್ತಿ ಎತ್ತಬೇಕು. ಅದನ್ನು ತಂತಿ ಕಟ್ಟಿ ಕಾಯಂ ಎತ್ತಿಟ್ಟ ಯಂತ್ರಗಳು ಬೇಕಾದಷ್ಟು ಕಾಣಸಿಗುತ್ತವೆ. ಅವುಗಳ ಮುಂದೆ ಸದಾ ದೂಳಿನ ಮೋಡ.

ಗಾಳಿ ಸೋರುವ ಜಾಗ ಹುಡುಕಲು, ಯಂತ್ರ ಪೂರ್ತಿ ನಿಲ್ಲಿಸಿ, ಬೆಳಕಿಲ್ಲದ ಕಡೆ ಹಾಪರ್ ಒಳಗೆ ಟಾರ್ಚ್ ಹೊತ್ತಿಸಿಟ್ಟು ಮುಚ್ಚಿ. ಸೀಲಿನ ಸುತ್ತ ಬೆಳಕಿನ ಎಳೆ ಕಂಡಲ್ಲಿ ಗಾಳಿ ಸೋರುತ್ತದೆ. ಫಿಲ್ಟರಿನ ಶುಚಿಯಾದ ಬದಿಯಲ್ಲಿ ದೂಳಿನ ಗೀರು ಕಂಡರೆ ಫಿಲ್ಟರ್ ಹರಿದಿದೆ, ಇಲ್ಲವೇ ಅದರ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ.

ಫಿಲ್ಟರ್ ಕುಲುಕುವ ಗುಂಡಿಯನ್ನು ಫ್ಯಾನ್ ನಿಂತ ಮೇಲೆಯೇ ಒತ್ತಬೇಕು. ಗಾಳಿ ಎಳೆಯುತ್ತಿರುವಾಗ ದೂಳು ಫಿಲ್ಟರಿಗೇ ಅಂಟಿಕೊಂಡಿರುತ್ತದೆ, ಕುಲುಕಿ ಪ್ರಯೋಜನವಿಲ್ಲ. ಸುಮಾರು ಅರ್ಧ ನಿಮಿಷ ಕುಲುಕಿ, ದೂಳು ತಳಕ್ಕಿಳಿಯಲು ಬಿಟ್ಟು, ಆಮೇಲೆ ಹಾಪರ್ ಸುರಿಯಿರಿ. ಕಂಪ್ರೆಸರ್ ಗಾಳಿಯಿಂದ ಊದುವುದಾದರೆ ಶುಚಿ ಬದಿಯಿಂದ ಕೊಳೆ ಬದಿಗೆ ಊದಿ. ಒತ್ತಡ 100 ಪಿಎಸ್‌ಐ ದಾಟದಿರಲಿ, ನಳಿಕೆ ಫಿಲ್ಟರಿನ ಕಾಗದದಿಂದ 5 ಸೆಂ.ಮೀ. ದೂರವಿರಲಿ. ಮುಖಗವಸು ಬೇಕೇ ಬೇಕು. ಕಾಂಕ್ರೀಟ್ ನೆಲದ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹಾನಿಕಾರಕ. ಒದ್ದೆ ನೆಲ ಬಂದಾಗ ಫ್ಯಾನ್ ನಿಲ್ಲಿಸಿ. ತೇವದ ದೂಳು ಫಿಲ್ಟರಿನ ಮೇಲೆ ಕೆಸರಾಗಿ ಒಣಗಿದರೆ ಕುಲುಕಿದರೂ ಊದಿದರೂ ಬಿಡುವುದಿಲ್ಲ. ಹೊಗೆಯಾಡುವ ಬೀಡಿ ಸಿಗರೇಟಿನ ತುಂಡು, ಕೆಂಡ ಇರುವಲ್ಲಿ ಯಂತ್ರ ಒಯ್ಯಲೇಬೇಡಿ.

ರಸ್ತೆಯಲ್ಲಿ ಬೇರೆಯೇ ಆಟ

1972ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿದ ಅಧ್ಯಯನವೊಂದು ರಸ್ತೆಯ ಕೊಳೆಯ ಸುಮಾರು ಶೇ 78ರಷ್ಟು ಅಂಚುಕಲ್ಲಿನಿಂದ 15 ಸೆಂ.ಮೀ. ಒಳಗೇ ಇರುತ್ತದೆ ಎಂದು ತೋರಿಸಿತು. ವಾಹನಗಳ ಗಾಳಿ ಅದನ್ನು ಅಲ್ಲಿಗೇ ತಳ್ಳುತ್ತದೆ. ಹಾಗಾಗಿ ರಸ್ತೆಯ ನಡುವೆ ಎಷ್ಟು ನೇರವಾಗಿ ಓಡಿಸಿದರೂ ಅಂಚು ಬಿಟ್ಟರೆ ಕೆಲಸವೇ ಆಗಿಲ್ಲ. ನಿಂತ ಒಂದು ಕಾರು ತಪ್ಪಿಸಿದರೆ ಬಿಟ್ಟುಹೋಗುವುದು ಕಾರಿನ ಉದ್ದದಷ್ಟೇ ಅಲ್ಲ. ಹೊರಕ್ಕೆ ತಿರುಗಿ ಮತ್ತೆ ಒಳಬರುವ ಓರೆಯೂ ಸೇರುತ್ತದೆ.

ಅದೇ ಅಧ್ಯಯನದ ಇನ್ನೊಂದು ಅಂಕಿ ಇನ್ನೂ ಮುಖ್ಯ: ಆಗಿನ ಬ್ರಷ್ ಯಂತ್ರಗಳು 2 ಮಿ.ಮೀ.ಗಿಂತ ದೊಡ್ಡ ಕಣಗಳಲ್ಲಿ ಶೇ 79ರಷ್ಟನ್ನು ಎತ್ತಿದರೆ, 43 ಮೈಕ್ರಾನ್‌ಗಿಂತ (0.043 ಮಿ.ಮೀ.) ಸಣ್ಣವುಗಳಲ್ಲಿ ಎತ್ತಿದ್ದು ಶೇ 15 ಮಾತ್ರ. ಕಣ್ಣಿಗೆ ರಸ್ತೆ ಸ್ವಚ್ಛ. ಮಳೆನೀರಿಗೆ ಸೇರುವ ನುಣ್ಣನೆ ಕೊಳೆ ಅಲ್ಲೇ. ಇದಕ್ಕೆ ಹೀರುವ ಯಂತ್ರಗಳೇ ಬೇಕು. ಒಂದು ಬಗೆಯದು ನಾಜಲ್ಲಿನಿಂದ ಹೀರಿ ಗಾಳಿಯನ್ನು ಹೊರಬಿಡುತ್ತದೆ. ಇನ್ನೊಂದು ಬಗೆ ತಲೆಯ ಒಂದು ಬದಿಯಿಂದ ಗಾಳಿ ಊದಿ, ಬಿರುಕಿನಲ್ಲಿದ್ದ ದೂಳು ಎಬ್ಬಿಸಿ, ಇನ್ನೊಂದು ಬದಿಯಿಂದ ಹೀರಿ, ಅದೇ ಗಾಳಿಯನ್ನು ಮತ್ತೆ ಬಳಸುತ್ತದೆ. ಎರಡರಲ್ಲೂ ಹೀರುವ ಬಾಯಿಯ ಎತ್ತರವೇ ಪ್ರಾಣ: ಮೇಲೆದ್ದರೆ ಸೆಳೆತ ಸಾಯುತ್ತದೆ, ತೀರಾ ತಗ್ಗಿದರೆ ಬಾಟಲಿ, ಎಲೆಗುಪ್ಪೆ ಒಳನುಗ್ಗಲಾರದೆ ಮುಂದೆ ಸಿಕ್ಕಿಹಾಕಿಕೊಳ್ಳುತ್ತವೆ. ಆ ಎತ್ತರ ಕಾಯುವ ಚಕ್ರ ಅಥವಾ ಜಾರುಪಟ್ಟಿಯ ಸವೆತವನ್ನು ಪ್ರತಿದಿನ ನೋಡಿ. ಹೋಸ್ ಬಾಗಿದ ಕಡೆ ಮೊದಲು ತೂತಾಗುತ್ತದೆ.

ನೀರು ಸಿಂಪಡಿಸುವುದು ದೂಳಡಗಿಸಲು, ರಸ್ತೆ ತೊಳೆಯಲು ಅಲ್ಲ. ಬ್ರಷ್ ಹಿಂದೆ ಹೊಗೆಯಂತೆ ದೂಳು ಏಳದಷ್ಟು ಸಾಕು. ನೆಲದಲ್ಲಿ ಕೆಸರಿನ ಪಟ್ಟೆ ಕಂಡರೆ ಹೆಚ್ಚಾಗಿದೆ, ಅದು ಹೋಸ್ ಒಳಗೆ, ಹಾಪರ್ ಗೋಡೆಗೆ ಮೆತ್ತಿಕೊಳ್ಳುತ್ತದೆ. ತೀರಾ ಕಡಿಮೆಯಾದರೆ ಒಣ ಮರಳು ಫ್ಯಾನಿನ ರೆಕ್ಕೆಗಳನ್ನು ಅರೆದುಹಾಕುತ್ತದೆ. ಕಟ್ಟಿಕೊಂಡ ನಾಜಲ್ಲನ್ನು ಮೊಳೆ, ತಂತಿಯಿಂದ ಚುಚ್ಚಬೇಡಿ, ರಂಧ್ರ ಹಿಗ್ಗಿ ಸಿಂಪಡಣೆ ಧಾರೆಯಾಗುತ್ತದೆ. ಬಿಚ್ಚಿ, ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಟ್ಯಾಂಕಿನ ಜರಡಿಯನ್ನೂ ತೊಳೆಯಿರಿ.

ಕೊನೆಗೆ ವೇಗ

ರಸ್ತೆಯಲ್ಲಿ ಗಂಟೆಗೆ 5ರಿಂದ 8 ಕಿ.ಮೀ., ನೆಲದ ಯಂತ್ರಕ್ಕೆ ನಡಿಗೆಯ ವೇಗ. ಮರಳು ದಪ್ಪವಾಗಿ ಬಿದ್ದಿದ್ದರೆ ಇನ್ನೂ ನಿಧಾನ. ಬ್ರಷ್ ಒಂದು ಸುತ್ತಿಗೆ ಎತ್ತಬಲ್ಲದ್ದು ಇಷ್ಟೇ ಎಂದಿರುವಾಗ ಬೇಗ ಹೋದಷ್ಟೂ ಪ್ರತಿ ಸುತ್ತಿಗೆ ಹೆಚ್ಚು ಕಸ ಎದುರಾಗುತ್ತದೆ. ಒಂದು ಸಾಲಿಗೂ ಪಕ್ಕದ ಸಾಲಿಗೂ 15ರಿಂದ 20 ಸೆಂ.ಮೀ. ಒಂದರ ಮೇಲೊಂದು ಬರಲಿ. ತಿರುವಿನಲ್ಲಿ ರಭಸ ಬೇಡ, ಹೊರ ಅಂಚಿನ ಕಸ ಅಲ್ಲೇ ತಪ್ಪಿಸಿಕೊಳ್ಳುತ್ತದೆ.

ಕೆಲಸ ಮುಗಿಸಿ ಯಂತ್ರ ನಿಲ್ಲಿಸುವಾಗ ಬ್ರಷ್‌ಗಳನ್ನು ಎತ್ತಿಯೇ ನಿಲ್ಲಿಸಿ. ರಾತ್ರಿಯೆಲ್ಲ ನೆಲಕ್ಕೊತ್ತಿ ನಿಂತ ಎಳೆಗಳು ಒಂದು ಬದಿಗೆ ಬಾಗಿ ಹಾಗೆಯೇ ಉಳಿಯುತ್ತವೆ. ಮರುದಿನ ಬ್ರಷ್ ಪ್ರತಿ ಸುತ್ತಿಗೂ ಕುಪ್ಪಳಿಸುತ್ತದೆ, ನೆಲದ ಮೇಲೆ ಸಮ ಅಂತರದಲ್ಲಿ ಕಸದ ಅಡ್ಡಗೆರೆಗಳು ಉಳಿಯುತ್ತವೆ.