ನನ್ನ ಅನುಭವ: ಬೆಳೆ, ಬೇಳೆ ಮೊದ್ಲು ಕಿವಿಗೆ ಬೀಳ್ಬೇಕು

ಮೈಸೂರಲ್ಲಿ ಭಾಷಾವಿಜ್ಞಾನ ಪಾಠ ಮಾಡ್ತೀನಿ, ಸಂಜೆ ಹೊತ್ತು ಹೊರರಾಜ್ಯದಿಂದ ಬಂದೋರಿಗೆ ಕನ್ನಡ ಕಲಿಸ್ತೀನಿ, ಜಾಸ್ತಿ ಹಿಂದಿ ಮನೆಮಾತಿನೋರು. ಶುರುನಲ್ಲಿ ನಾನೂ ಎಲ್ರ ಥರ "ನಾನ್ ಹೇಳ್ದಂಗೆ ಹೇಳಿ" ಅಂತ ಹತ್ತತ್ ಸಲ ಹೇಳಿಸ್ತಿದ್ದೆ. ನೀರು ಕೊಡಿ ಅಂದ್ರೆ "ನೀರು ಕೋಡಿ" ಅಂತಾನೇ ಬರೋದು. ಒಂದಿನ ಹಂಗೇ ತಿದ್ದುವಾಗ ಒಬ್ಬ ಹುಡುಗ "ಮೇಡಂ, ನೀವು ಎರಡು ಸಲಾನೂ ಒಂದೇ ಹೇಳಿದ್ರಲ್ಲ" ಅಂದ. ಆಗ ಹೊಳೀತು, ಇವರಿಗೆ ಆ ವ್ಯತ್ಯಾಸ ಕೇಳಿಸ್ತಾನೇ ಇಲ್ಲ ಅಂತ. ಹಿಂದಿಲಿ ಅ–ಆ ಬದಲಾದ್ರೆ ಪದದ ಅರ್ಥ ಬದಲಾಗುತ್ತೆ, ಆದ್ರೆ ಎ–ಏ, ಒ–ಓಗೆ ಆ ಕೆಲಸ ಇಲ್ಲ, ಹಾಗಾಗಿ ನಮ್ಮ ಬೆಳೆ, ಬೇಳೆ ಎರಡೂ ಅವರಿಗೆ ಒಂದೇ.

ಆಮೇಲೆ ಮಾತಾಡ್ಸೋದು ಕಮ್ಮಿ ಮಾಡಿ ಕೇಳ್ಸೋಕೆ ಶುರು ಮಾಡ್ದೆ. ಬೆಳೆ–ಬೇಳೆ, ಕೊಡಿ–ಕೋಡಿ, ಹಳ್ಳಿ–ಹಲ್ಲಿ ಥರದ ಜೋಡಿಗಳನ್ನ ನನ್ನ ದನಿಲಿ ರೆಕಾರ್ಡ್ ಮಾಡಿ ಯಾವ್ದು ಕೇಳಿಸ್ತು ಗುರುತು ಹಾಕಿ ಅನ್ನೋದು, ತಪ್ಪಾದ್ರೆ ಅಲ್ಲೇ ಹೇಳ್ಬಿಡೋದು, ಪ್ರಾಟ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದ್ರಲ್ಲಿ ಏ ಎಷ್ಟು ಎಳೀತೀವಿ ಅಂತ ಕಣ್ಣಿಗೂ ತೋರಿಸ್ತಿದ್ದೆ. ಕೆಲವೇ ವಾರಕ್ಕೆ ಕ್ಲಾಸಲ್ಲಿ ಎಲ್ಲ ಸರಿ ಬಂತು. ದೇವರಾಜ ಮಾರ್ಕೆಟ್‌ಗೆ ಹೋಗಿ ಬಂದೋರು ಮಾತ್ರ "ಅಲ್ಲಿ ಏನೂ ಗೊತ್ತಾಗ್ಲಿಲ್ಲ ಮೇಡಂ" ಅಂದ್ರು. ಅವರ ಕಿವಿಗೆ ಪಳಗಿದ್ದು ನನ್ನೊಬ್ಬಳ ದನಿ.

1991ರಲ್ಲಿ ಲೋಗನ್, ಲೈವ್ಲಿ, ಪಿಸೋನಿ ಅನ್ನೋ ಮೂವರು ಸಂಶೋಧಕರು, ಜಪಾನಿನೋರಿಗೆ ಇಂಗ್ಲಿಷಿನ ರ–ಲ ಕೇಳಿ ಗುರುತಿಸೋದು ಕಲಿಸಿದ್ದು ಹಲವರ ದನಿ ಇಟ್ಕೊಂಡು, ಅದನ್ನ ನಾನೇ ಪಾಠ ಮಾಡ್ತೀನಿ, ಸಂಜೆ ಕ್ಲಾಸಿಗೆ ತರೋದು ತಡ ಆಯ್ತು. ನಮ್ಮಮ್ಮ, ಹೂ ಮಾರೋ ಅಕ್ಕ, ಆಟೋ ಓಡ್ಸೋ ಅಣ್ಣ, ಧಾರವಾಡದ ಸಹೋದ್ಯೋಗಿ, ಎಲ್ರ ಹತ್ರಾನೂ ವಾಕ್ಯದೊಳಗೇ ಪದ ಹೇಳಿಸಿ ರೆಕಾರ್ಡ್ ಮಾಡ್ಕೊಂಡೆ. ಕಲಿಯೋದು ನಿಧಾನ ಆಯ್ತು ನಿಜ, ಆದ್ರೆ ಬೀದಿಲಿ ಉಪಯೋಗಕ್ಕೆ ಬಂತು.

ಳ ಬೇರೆ ಥರ. ಮರಾಠಿ, ಒಡಿಯಾದೋರಿಗೆ ಮನೆಮಾತಲ್ಲೇ ಇದೆ. ಹಿಂದಿಯೋರಿಗೆ ನಾಲಿಗೆ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸೋದನ್ನ ಕನ್ನಡಿ ಹಿಡಿದು ತೋರಿಸ್ತೀನಿ, ಒಂಟಿ ಪದದಲ್ಲಿ ಬರುತ್ತೆ, ಮಾತಿನ ಭರದಲ್ಲಿ ಲ ಆಗೋಗುತ್ತೆ.

ನಂಗೆ ತುಂಬ ಸಂಕಟ ಆಗೋದು, ಒಂದು ಓ ಉದ್ದ ಆದ್ರೆ ಸಾಕು ಎದುರಿಗಿರೋರು ಹಿಂದಿಗೆ ಹೊರಳ್ಬಿಡ್ತಾರೆ, ಕಲಿಯೋರ ಬಾಯಿ ಅಲ್ಲೇ ಕಟ್ಟುತ್ತೆ. ಅಂಥ ಕಡೆ ಕನ್ನಡದಲ್ಲೇ ಮುಂದುವರೀರಿ ಪ್ಲೀಸ್. ಈಗ ಮಕ್ಕಳ ದನಿ, ಫೋನಲ್ಲಿ ಆಡಿದ ಮಾತು ಸೇರಿಸ್ತಾ ಇದೀನಿ, ಫೋನ್ ದನಿಲಿ ಲ–ಳ ಇನ್ನೂ ತಪ್ತಾ ಇದಾರೆ.