ರೈಸ್ ಮಿಲ್ ವೇಬ್ರಿಡ್ಜ್‌ಗೆ ಫೈಬರ್ ಎಳೆದ ನನ್ನ ಅನುಭವ

ಮಂಡ್ಯ ಕಡೆಯ ಒಂದು ರೈಸ್ ಮಿಲ್. ಆಫೀಸಿನಿಂದ ಗೇಟ್ ಪಕ್ಕದ, ಲಾರಿ ತೂಗುವ ವೇಬ್ರಿಡ್ಜ್‌ಗೆ ಕಾಂಪೌಂಡ್ ಹಿಡಿದು ಹೋದರೆ ಹತ್ತಿರ ಹತ್ತಿರ 220 ಮೀಟರ್. ತೂಕದ ಕಂಪ್ಯೂಟರ್ ಒಂದು, ಲಾರಿ ನಂಬರ್ ಹಿಡಿಯುವ ಕ್ಯಾಮೆರಾ ಎರಡು. ಇವು ಆಫೀಸಿನ ಬಿಲ್ಲಿಂಗ್‌ಗೆ ಸೇರಬೇಕು, ಅಷ್ಟೇ ಕೆಲಸ. ನಾನು ಫೈಬರ್ (ಬೆಳಕಿನಲ್ಲಿ ಡೇಟಾ ಒಯ್ಯುವ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯಲ್ಲ) ಅಂದಾಗ ಮಿಲ್‌ನವರೂ ನಕ್ಕರು, ನಮ್ಮ ಲೈನಿನ ಹುಡುಗರೂ ನಕ್ಕರು. ಈಗ ಎರಡು ಮಳೆಗಾಲ ದಾಟಿದೆ, ಲಿಂಕ್ ಲೈಟ್ ಆರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗಿಂತ ಮುಂಚೆ ಬಂದವರು ಕ್ಯಾಟ್ 6 ನೆಟ್‌ವರ್ಕ್ ವೈರು ಎಳೆದು, ನಡುವಿನ ಕಂಬದಲ್ಲಿ ಡಬ್ಬಿ ಕಟ್ಟಿ ನೆಟ್‌ವರ್ಕ್ ಸ್ವಿಚ್ (ವೈರುಗಳನ್ನು ಕೂಡಿಸುವ ಪೆಟ್ಟಿಗೆ) ಇಟ್ಟಿದ್ದರು. ಕಂಬದವರೆಗೆ ನೂರಾ ಹತ್ತು, ಅಲ್ಲಿಂದ ಮುಂದೆ ಅಷ್ಟೇ. ಈ ವೈರಿಗೆ ನೂರು ಮೀಟರ್ ಮಿತಿ, ಅದು ಮೀರಿತು ಅಂತ ಗೊತ್ತಿದ್ದೂ ಹಾಕಿದ್ದರು. ಅದಕ್ಕಿಂತ ದೊಡ್ಡ ತಲೆನೋವು ವೈರಿನದು. ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ಮಾಲು, ಕ್ಯಾಮೆರಾಗೆ ಕರೆಂಟೂ ಅದರಲ್ಲೇ. ಹಗಲೆಲ್ಲ ಕ್ಯಾಮೆರಾ ಚೆನ್ನಾಗಿ ಓಡೋದು, ಸಂಜೆ ಆರೂವರೆ ಆದರೆ ಆಫ್, ಆನ್, ಆಫ್, ಆನ್. ಎಲ್ಲರೂ ಕ್ಯಾಮೆರಾ ಕೆಟ್ಟಿದೆ ಅಂತ ಬದಲಾಯಿಸಿದ್ದೇ ಬದಲಾಯಿಸಿದ್ದು. ಕತ್ತಲಾದ ಮೇಲೆ ರಾತ್ರಿ ಕಾಣಲು ಕ್ಯಾಮೆರಾದಲ್ಲಿರುವ ಐಆರ್ ಲೈಟ್ ಹತ್ತುತ್ತೆ, ಕರೆಂಟ್ ಜಾಸ್ತಿ ಎಳೆಯುತ್ತೆ, ಅಷ್ಟು ದೂರದ ಅಲ್ಯೂಮಿನಿಯಂನಲ್ಲಿ ವೋಲ್ಟೇಜ್ ಬಿದ್ದುಹೋಗುತ್ತೆ. ವೈರಿನ ಬಾಕ್ಸ್ ಮೇಲೆ ಐದಾರು ಸಾವಿರ ಉಳಿಸಲು ಹೋಗಿ ಎರಡು ಕ್ಯಾಮೆರಾ ದಂಡ.

ಆಮೇಲೆ ಏಪ್ರಿಲ್ ಗುಡುಗು. ಒಂದೇ ರಾತ್ರಿಗೆ ಕಂಬದ ಸ್ವಿಚ್, ಆಫೀಸ್ ಸ್ವಿಚ್‌ನ ಪೋರ್ಟ್, ಕ್ಯಾಮೆರಾ ರೆಕಾರ್ಡ್ ಮಾಡುವ ಎನ್‌ವಿಆರ್ ಮೂರೂ ಹೋದವು. ಇಪ್ಪತ್ತು ಸಾವಿರಕ್ಕೆ ಮೇಲೇ ಆಯಿತು ಅಂತ ನೆನಪು. ಆಗ ನನ್ನನ್ನು ಕರೆದರು.

ಲಾರಿ ಓಡಾಡುವ ಜಾಗ ಅಗೆಯಬೇಡ ಅಂದರು. ಸರಿ, ವೈರ್‌ಲೆಸ್ ನೋಡೋಣ ಅಂತ 5 ಗಿಗಾಹರ್ಟ್ಸ್ ಆಂಟೆನಾ ಜೋಡಿ ಹಾಕಿದೆ. ಒಂಬತ್ತು ಸಾವಿರದ ಆಸುಪಾಸು. ಸಿಗ್ನಲ್ ಮೈನಸ್ ಐವತ್ತರ ಹತ್ತಿರ, ಅಂದರೆ ಗಟ್ಟಿ, ಬೇಸಿಗೆ ಪೂರ್ತಿ ರಾಜನ ಹಾಗೆ ಓಡಿತು. ಸುಗ್ಗಿ ಶುರುವಾಯಿತು ನೋಡಿ! ಭತ್ತದ ಲಾರಿಗಳು ಮೂಟೆ ಏರಿಸಿಕೊಂಡು ಗೇಟಿನ ಒಳಗೆ ಸಾಲು ನಿಂತವು. ಎರಡು ಆಂಟೆನಾ ಒಂದಕ್ಕೊಂದು ಕಂಡರೆ ಸಾಲದು. ಇಷ್ಟು ದೂರಕ್ಕೆ ನಡುವೆ ಸುತ್ತಲೂ ಒಂದೂವರೆ ಮೀಟರ್ ಖಾಲಿ ಬೇಕು. ಆ ಜಾಗಕ್ಕೆ ಮೂಟೆ ಬಂದು ಕೂತಿತು. ತೂಕದ ಚೀಟಿ ನಿಂತಿತು, ಡ್ರೈವರ್‌ಗಳ ಕೂಗಾಟ, ಮಿಲ್ ರೈಟರ್ ನನಗೆ ಫೋನ್ ಮೇಲೆ ಫೋನ್. ಹತ್ತಡಿ ಪೈಪ್ ಏರಿಸಿದೆ. ಗಾಳಿ ಬೀಸಿದರೆ ಪೈಪ್ ತೂಗಾಡಿ ಲಿಂಕ್ ಕುಣಿಯಿತು.

ಫೈಬರ್‌ಗೆ ಬರುವ ಮುಂಚೆ ಇನ್ನೊಂದು ಆಟ ಆಡಿದ್ದೆ. ಕ್ಯಾಮೆರಾ ಸ್ವಿಚ್‌ಗಳಲ್ಲಿ ಎಕ್ಸ್‌ಟೆಂಡ್ ಅಂತ ಒಂದು ಗುಂಡಿ ಇರುತ್ತಲ್ಲ, ಅದು ಪೋರ್ಟಿನ ವೇಗವನ್ನು 10 ಎಂಬಿಪಿಎಸ್‌ಗೆ ಇಳಿಸಿ ದೂರ ಹೆಚ್ಚಿಸುತ್ತೆ. ಅಪ್ಪಟ ತಾಮ್ರದ ವೈರಿನಲ್ಲಿ ನಡುವೆ ಸ್ವಿಚ್ ಇಲ್ಲದೆ ಅಷ್ಟೂ ದೂರ ನಡೆಯಿತು! ಎರಡು ಕ್ಯಾಮೆರಾಗೆ ಸಾಕು. ಗುಡುಗಿಗೆ ಮಾತ್ರ ಅದರಲ್ಲಿ ಉತ್ತರ ಇಲ್ಲ. ವೇಬ್ರಿಡ್ಜ್ ಕ್ಯಾಬಿನ್‌ಗೆ ಬೇರೆ ಫೇಸ್, ಬೇರೆ ಅರ್ಥಿಂಗ್. ಎರಡು ಕಟ್ಟಡದ ನಡುವೆ ತಾಮ್ರ ಕಟ್ಟಿದರೆ ಸಿಡಿಲಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಸುಮ್ನೆ ಒಂದು ವಾರ ಓಡಿಸಿ ಬಿಚ್ಚಿದೆ.

ಫೈಬರ್ ಅಂದಾಗ ಯಜಮಾನರು, "ಏನಪ್ಪಾ, ಕೂದಲೆಳೆ ಗಾಜು ಅಂತೀಯ, ನಮ್ ಮಿಲ್ ಇಲಿ ಒಂದ್ಸಲ ಬಾಯಿ ಹಾಕಿದ್ರೆ ಮುಗೀತು" ಅಂದರು. ಜೊತೆಯವನೊಬ್ಬ, "ಗುರೂ, ಅದು ಮನೆ ಇಂಟರ್ನೆಟ್ ವೈರು, ತೌಡಿನ ಧೂಳಲ್ಲಿ ನಿಲ್ಲಲ್ಲ" ಅಂದ. ನಾನು ತಂದದ್ದು ಅದೇ ಮನೆ ಮನೆಗೆ ಎಳೆಯುವ, ಎರಡು ಕೋರಿನ (ಎರಡು ಗಾಜಿನೆಳೆಯ) ಡ್ರಾಪ್ ಕೇಬಲ್. ಮೀಟರ್‌ಗೆ ಏಳೆಂಟು ರೂಪಾಯಿ. ಬೆಳಕನ್ನು ಮಾಮೂಲಿ ನೆಟ್‌ವರ್ಕ್ ವೈರಿಗೆ ಹೊಂದಿಸುವ ಮೀಡಿಯಾ ಕನ್ವರ್ಟರ್ ಜೋಡಿ ಎರಡು ಸಾವಿರದೊಳಗೆ, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಚೌಕಾಸಿ ಮಾಡಿ ತಂದದ್ದು. ಒಂದು ಕಡೆ ಎ, ಇನ್ನೊಂದು ಕಡೆ ಬಿ ಇರಲೇಬೇಕು. ಒಂದು 1310 ನ್ಯಾನೋಮೀಟರ್ ಬೆಳಕಿನಲ್ಲಿ ಕಳಿಸಿ 1550ರಲ್ಲಿ ತಗೊಳ್ಳುತ್ತೆ, ಇನ್ನೊಂದು ಉಲ್ಟಾ. ಅಂಗಡಿಯವನು ಎರಡೂ ಎ ಕೊಟ್ಟುಬಿಡುತ್ತಾನೆ, ಡಬ್ಬಿ ಅಲ್ಲೇ ತೆರೆದು ನೋಡಿ.

ಕಾಂಪೌಂಡ್ ಲೈಟ್ ಕಂಬಗಳ ಮೇಲೇ ಎಳೆದೆ. ಅಗೆತ ಇಲ್ಲ, ಲಾರಿ ದಾರಿಯ ಮೇಲೆ ಹದಿನೆಂಟಡಿ ಎತ್ತರ. ಭಾರ ಹೊರುವುದು ಕೇಬಲ್ ಪಕ್ಕದ ಸ್ಟೀಲ್ ತಂತಿ. ಅದನ್ನು ಹೊರಗಿನ ಕೊಕ್ಕೆಯಲ್ಲೇ ಕತ್ತರಿಸಿ ನಿಲ್ಲಿಸಬೇಕು, ಒಳಗೆ ಬಿಡಬಾರದು. ಬಿಟ್ಟರೆ ಫೈಬರ್ ಹಾಕಿಯೂ ಸಿಡಿಲನ್ನು ಒಳಗೆ ಕರೆದ ಹಾಗೆ. ಎರಡು ಕೋರಿನಲ್ಲಿ ಒಂದು ಓಡುತ್ತೆ, ಇನ್ನೊಂದಕ್ಕೂ ತುದಿ ಮಾಡಿಸಿ ಇಟ್ಟಿದ್ದೇನೆ. ಗಾಜಿನೆಳೆ ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ನನ್ನ ಹತ್ತಿರ ಇಲ್ಲ. ಒಬ್ಬ ಹುಡುಗ ಬಂದು ಜಾಯಿಂಟ್‌ಗೆ ಇನ್ನೂರರಂತೆ ಮಾಡಿಕೊಟ್ಟ. ಬೆಳಕಿನ ಬಲ ಅಳೆಯುವ ಮೀಟರ್ ಮೈನಸ್ ಹತ್ತರ ಆಸುಪಾಸು ತೋರಿಸಿತು. ಬೇಕಾದ್ದಕ್ಕಿಂತ ಎಷ್ಟೋ ಚೆನ್ನಾಗಿದೆ.

ಇಲಿಗೆ ಏನು ಮಾಡಿದೆ ಅಂತ ಎಲ್ಲರೂ ಕೇಳುತ್ತಾರೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ. ಔಷಧಿ ಅಲ್ಲ, ಕಬ್ಬಿಣದ ಪೈಪೂ ಅಲ್ಲ, ಅಷ್ಟು ಹೇಳಬಲ್ಲೆ.

ಧೂಳಿಗೆ ಫೈಬರ್ ಹೆದರಲ್ಲ, ಸ್ವಿಚ್ ಹೆದರುತ್ತೆ. ಫ್ಯಾನ್ ಇರುವ ಸ್ವಿಚ್ ಮಿಲ್‌ಗೆ ಬೇಡವೇ ಬೇಡ. ತೌಡು ಹೀರಿ ಹೀರಿ ಒಳಗೆ ರೊಟ್ಟಿ ತಟ್ಟಿಬಿಡುತ್ತೆ. ಫ್ಯಾನ್ ಇಲ್ಲದ್ದನ್ನು ಗಾಳಿ ಆಡದ ಡಬ್ಬಿಗೆ ಹಾಕಿ, ಬಿಸಿ ಹುಟ್ಟಿಸುವ ಅಡಾಪ್ಟರ್‌ಗಳನ್ನು ಡಬ್ಬಿಯಿಂದ ಆಚೆ ಇಟ್ಟೆ.

ಒಟ್ಟು ಮಾಲು, ಸ್ಪ್ಲೈಸಿಂಗ್, ಏಣಿ ಹುಡುಗರ ಕೂಲಿ ಸೇರಿ ಎಂಟು ಸಾವಿರ ಚಿಲ್ಲರೆ ನನಗೆ ಬಿತ್ತು. ಹದಿನಾರು ಕೇಳಿದೆ, ಹದಿನಾಲ್ಕಕ್ಕೆ ಮುಗಿಯಿತು. ಅರ್ಧ ಮುಂಗಡ. ಉಳಿದದ್ದು "ಅಕ್ಕಿ ಲೋಡ್ ಹೋಗ್ಲಿ ತಡಿಯಪ್ಪ" ಅಂತ ಎರಡು ತಿಂಗಳು ಎಳೆಯಿತು. ಬಿಚ್ಚಿದ ವೈರ್‌ಲೆಸ್ ಜೋಡಿ ಈಗ ಶ್ರೀರಂಗಪಟ್ಟಣದ ಹತ್ತಿರ ಒಂದು ತೋಟದ ಪಂಪ್‌ಹೌಸ್ ಕ್ಯಾಮೆರಾಗೆ ಓಡುತ್ತಿದೆ. ಅಲ್ಲಿ ಲಾರಿ ಬರಲ್ಲ. ನಕ್ಕಿದ್ದ ಆ ಜೊತೆಯವನು ಹೋದ ತಿಂಗಳು ಫೋನ್ ಮಾಡಿ, ಒಂದು ಆಲೆಮನೆಗೆ ಕನ್ವರ್ಟರ್ ಎಲ್ಲಿ ತರೋದು ಅಂತ ಕೇಳಿದ. ರೋಡಿನ ಹೆಸರು ಹೇಳಿದೆ, ಅಂಗಡಿ ಹೆಸರು ಹೇಳಲಿಲ್ಲ.